ಟಾರ್ಚಿನ ಜಾಗ

"ತಲೆ ಕಡೆಯವರು ಸ್ವಲ್ಪ ಎತ್ತಿ... ಹಾಂ, ಈಗ ಎಲ್ಲಾ ಒಟ್ಟಿಗೆ" ಎಂದು ಮೀಸೆ ಮಾಮ ಹೇಳಿ, ನಾಲ್ವರ ಹೆಗಲು ಅಮ್ಮನ ಭಾರಕ್ಕೆ ಹೊಂದಿಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ಮಗಳು "ಇಳಿಸಿ" ಎಂದಳು.

ಹೊತ್ತವರು ಅರ್ಧ ನಿಂತು ಅರ್ಧ ಬಗ್ಗಿ ಹಾಗೇ ಉಳಿದರು. ಹೊರಗೆ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಚಾಲಕ ಆಗಲೇ ಇಂಜಿನ್ ಚಾಲೂ ಮಾಡಿಕೊಂಡು ಕೂತಿದ್ದ.

"ಇಳಿಸಿ ಮಾಮ. ಟಾರ್ಚ್ ಇಲ್ಲ."

"ಏನಿಲ್ಲ ಅಂದೆ?" ಚಿಕ್ಕಮ್ಮ ಮೂಗಿಗೆ ಒತ್ತಿಕೊಂಡಿದ್ದ ಕರವಸ್ತ್ರವನ್ನು ತೆಗೆದು ಕೇಳಿದಳು.

"ಅಮ್ಮನ ಟಾರ್ಚ್, ಚಿಕ್ಕಮ್ಮ. ಜಾಗದಲ್ಲಿಲ್ಲ."

ಎಲ್ಲರೂ ಅವಳು ನೋಡುತ್ತಿದ್ದ ಕಡೆ ನೋಡಿದರು. ಬಾಗಿಲ ಪಕ್ಕದ ಗೋಡೆಯ ಮೇಲೆ ಬೂದು ಬಣ್ಣದ ಒಂದು ಹಲಗೆ. ಅದರ ಮೇಲೆ ಮೊಳೆಗಳು, ಪ್ರತಿ ಮೊಳೆಯ ಕೆಳಗೆ ಅಲ್ಲಿ ತೂಗಬೇಕಾದ ವಸ್ತುವಿನ ಆಕಾರ ಕಪ್ಪು ಬಣ್ಣದಲ್ಲಿ. ಮನೆ ಬೀಗದ ಕೈ ತನ್ನ ಆಕಾರದ ಮೇಲೆ ತೂಗುತ್ತಿತ್ತು. ಉದ್ದ ಹಿಡಿಕೆಯ ಪುಟ್ಟ ಕನ್ನಡಿ ಇತ್ತು, ಸ್ಕ್ರೂಡ್ರೈವರ್ ಇತ್ತು, ಛತ್ರಿ ಇತ್ತು. ಪೆನ್ನಿಗಿಂತ ಸ್ವಲ್ಪ ದಪ್ಪಗಿನ ಒಂದು ಆಕಾರ ಮಾತ್ರ ಖಾಲಿ.

"ಅಲ್ಲ ಕಣೇ, ತಲೆ ನೆಟ್ಟಗಿದೆಯಾ ನಿಂಗೆ?" ಚಿಕ್ಕಮ್ಮನ ದನಿ ಏರಿತು. "ಹೆಗಲ ಮೇಲಿರೋಳನ್ನ ಇಳಿಸಿ ಟಾರ್ಚ್ ಹುಡುಕ್ತಾರಾ ಯಾರಾದ್ರೂ? ಅದೂ ಹಾಡುಹಗಲಲ್ಲಿ?"

ಆದರೆ ಹೊತ್ತವರು ಆಗಲೇ ಇಳಿಸಿಬಿಟ್ಟಿದ್ದರು. ಆ ನಾಲ್ವರೂ, ಮೀಸೆ ಮಾಮನೂ ಹ್ಯಾಂಗರಿನವರು. ವಿಮಾನಗಳನ್ನು ಒಳಗೆ ಎಳೆದು ತಂದು ಬಿಚ್ಚಿ, ನೋಡಿ, ಮತ್ತೆ ಮುಚ್ಚುವ ಆ ಆಕಾಶದಷ್ಟು ಎತ್ತರದ ತಗಡಿನ ಮನೆಗೆ ಅಮ್ಮ ಇಟ್ಟ ಹೆಸರು 'ಕೊಟ್ಟಿಗೆ'. ಬದುಕಿನ ಮುಕ್ಕಾಲು ಭಾಗ ಅವಳು ಅಲ್ಲೇ ಕಳೆದಿದ್ದಳು. 'ಈ ವಿಮಾನ ಇನ್ನು ಹೊರಡಬಹುದು' ಎಂದು ಕೊನೆಯ ಸಹಿ ಹಾಕುವ ಇಂಜಿನಿಯರ್ ಆಗಿ ನಿವೃತ್ತಳಾಗಿದ್ದಳು. ಆ ಕೊಟ್ಟಿಗೆಯಲ್ಲಿ ಸಣ್ಣದೊಂದು ಸ್ಪ್ಯಾನರ್ ಹಲಗೆಯ ಮೇಲೆ ತನ್ನ ಜಾಗಕ್ಕೆ ವಾಪಸು ಬರದಿದ್ದರೆ ವಿಮಾನ ಬಾಗಿಲು ದಾಟುವಂತಿರಲಿಲ್ಲ. ಒಳಗೆ ಕೂತವರು ಮಂತ್ರಿಗಳಾದರೂ ಸರಿ, ಮದುಮಕ್ಕಳಾದರೂ ಸರಿ.

ಮೀಸೆ ಮಾಮ ಹಲಗೆ ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ಬಿಳಿ ಮೀಸೆಯನ್ನು ಎರಡೂ ಕಡೆ ಒಮ್ಮೆ ಸವರಿಕೊಂಡರು.

"ಅಕ್ಕನ ಮನೆಯಿಂದ ಅಕ್ಕನ್ನ ಅಕ್ಕನ ನಿಯಮ ಮುರಿದು ಕರ್ಕೊಂಡು ಹೋಗೋಕಾಗುತ್ತಾ? ಹುಡುಕ್ರಪ್ಪ. ವ್ಯಾನ್ ಆಫ್ ಮಾಡೋಕೆ ಹೇಳಿ."

ಅಂಗಳದಲ್ಲಿ ನಿಂತಿದ್ದ ಹ್ಯಾಂಗರಿನ ಮ್ಯಾನೇಜರ್ ಒಳಗೆ ಇಣುಕಿದ. ಇನ್ನೂ ಚಿಕ್ಕ ವಯಸ್ಸು, ಮಾತು ಮೆತ್ತಗೆ. ಬೆಳಗ್ಗೆಯೇ ಬಂದು, ಹೂವಿಟ್ಟು, ಮಗಳನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಇವತ್ತು ಕೇಳಬಾರದು, ಗೊತ್ತು ಮೇಡಂ. ಆದ್ರೆ ನಾಳೆ ಮೇಲಿನವರಿಗೆ ಹೆಸರು ಕಳಿಸಬೇಕು. ಹೂಂ ಅಂತೀರೋ ಇಲ್ವೋ, ಸಂಜೆಯೊಳಗೆ ಒಂದು ಮಾತು."

ಮಗಳು ಅದೇ ಕೊಟ್ಟಿಗೆಯ ಇಂಜಿನಿಯರ್. ಈಗ ವಿಮಾನಗಳನ್ನು ಕ್ಯಾಮೆರಾಗಳು ನೋಡುತ್ತವೆ, 'ಸರಿ' 'ಸರಿಯಿಲ್ಲ' ಎಂದು ಕಂಪ್ಯೂಟರ್ ಹೇಳುತ್ತದೆ. ಮೇಲಿನ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು, ಕಂಪನಿಯ ಎಲ್ಲ ವಿಮಾನಗಳಿಗೂ ಆ 'ಸರಿ'ಯ ಕೆಳಗೆ ಸಹಿ ಹಾಕಲು ಒಬ್ಬರು ಬೇಕಾಗಿತ್ತು. ಆ ಕುರ್ಚಿಯನ್ನು ಅವಳಿಗೆ ಕೊಡುತ್ತಿದ್ದರು. ಹಗಲಿನ ಕೆಲಸ. ಏಣಿ ಹತ್ತುವುದಿಲ್ಲ, ಗ್ರೀಸ್ ಮೆತ್ತಿಕೊಳ್ಳುವುದಿಲ್ಲ. ಸೊಂಟ ನೋವಿಗೆ ಬಿಡುವು ಸಿಗುತ್ತದೆ. ಹೂಂ ಎನ್ನುವುದಕ್ಕೆ ಕಾರಣಗಳು ಬೇಕಾದಷ್ಟಿದ್ದವು. ಆದರೂ ಬೆಳಗ್ಗೆ ಅವಳ ಬಾಯಿಂದ ಹೂಂ ಬಂದಿರಲಿಲ್ಲ, ಉಹೂಂ ಕೂಡ ಬಂದಿರಲಿಲ್ಲ.

"ಮೇಡಂ, ಚಿತಾಗಾರದ ಸಮಯ ತಪ್ಪಿದ್ರೆ ಮತ್ತೆ ಕಾಯಬೇಕಾಗುತ್ತೆ" ಎಂದ ಮ್ಯಾನೇಜರ್, ನಿಧಾನವಾಗಿ.

"ಕಾಯೋಣ ಸರ್" ಎಂದಳು ಮಗಳು.

*

ಆ ಹಲಗೆ ಗೋಡೆ ಏರಿದ್ದು ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ.

ಅಪ್ಪ ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ಮುಂದಿನ ಕೋಣೆಯೇ ಅವನ ಅಂಗಡಿ. ಅಮ್ಮ ಪಾಳಿಗೆ ಹೋದಾಗ ಅಡುಗೆ, ಜಡೆ, ಲೆಕ್ಕದ ಪಾಠ ಎಲ್ಲ ಅವನದೇ. ಬಟ್ಟೆ ಕೊಡಲು ಬಂದ ಹೆಂಗಸರು "ನಿಮ್ಮ ಮನೆಯವರು ಎಲ್ಲಿ?" ಎಂದರೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ವಿಮಾನ ತೊಳೀತಿದಾಳೆ" ಎನ್ನುತ್ತಿದ್ದ. ಅಮ್ಮನಿಗೆ ಅದು ಕೇಳಿದರೆ ಮೈ ಉರಿಯುತ್ತಿತ್ತು. ಉರಿಯಲಿ ಎಂದೇ ಅವನು ಹೇಳುತ್ತಿದ್ದ.

ಒಂದು ದಿನ ಒಲೆ ಮೇಲೆ ಸಾರು ಕುದಿಯುತ್ತಿದ್ದಾಗ ಸೌಟು ಸಿಗಲಿಲ್ಲ. ಅಮ್ಮ ಡ್ಯೂಟಿಗೆ ಹೊರಟವಳು ಬೂಟು ಬಿಚ್ಚಿ ಕೂತುಬಿಟ್ಟಳು. ಸೌಟು ಸಿಗುವ ತನಕ ಮನೆ ಬಿಡುವುದಿಲ್ಲವಂತೆ. ಕೊನೆಗೆ ಅದು ಸಿಕ್ಕಿದ್ದು ಹೊಲಿಗೆ ಯಂತ್ರದ ಕೆಳಗೆ. ಅಪ್ಪ ಅದರಲ್ಲಿ ಬೆನ್ನು ಕೆರೆದುಕೊಂಡಿದ್ದ. ಅಮ್ಮ ನಗಲಿಲ್ಲ, ಬೈಯಲೂ ಇಲ್ಲ. ಅವನ ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡು, ಸೌಟನ್ನು ಅಡುಗೆಮನೆಯ ಗೋಡೆಗೆ ಒತ್ತಿ ಹಿಡಿದು, ಸುತ್ತ ಗೆರೆ ಎಳೆದಳು. ಮಾರನೇ ವಾರ ಚಿಮಟ, ಜರಡಿ, ಲಟ್ಟಣಿಗೆ ಎಲ್ಲಕ್ಕೂ ಗೆರೆ ಬಿತ್ತು, ಗೆರೆಯೊಳಗೆ ಬಣ್ಣ ಬಿತ್ತು. ನೆಂಟರು ಬಂದರೆ ಅಡುಗೆಮನೆ ನೋಡಿ ನಗುತ್ತಿದ್ದರು. ಆದರೆ ಅದೇ ನೆಂಟರು ಪಾತ್ರೆ ತೊಳೆದ ಮೇಲೆ "ಇದೆಲ್ಲಿಡಲಿ?" ಎಂದು ಒಮ್ಮೆಯೂ ಕೇಳಲಿಲ್ಲ.

ಕೊನೆಗೆ ಬಾಗಿಲ ಪಕ್ಕ ಟಾರ್ಚಿಗೊಂದು ಜಾಗ ಬಂತು. ಆ ಟಾರ್ಚು ಅಮ್ಮನ ಸ್ವಂತದ್ದು. ಕೊಟ್ಟಿಗೆಯ ದೊಡ್ಡ ದೀಪಗಳ ಬೆಳಕು ಹೋಗದ ಕಡೆಗೆ, ಚಕ್ರ ಮಡಚಿಕೊಳ್ಳುವ ಗೂಡಿನೊಳಗೆ, ರೆಕ್ಕೆಯ ಸಂದಿಗೆ ಅದು ಹೋಗುತ್ತಿತ್ತು. ಕಂಪನಿ ಕೊಡುತ್ತಿದ್ದ ನೀಲಿ ಮೇಲಂಗಿ ಗಂಡಸರ ಅಳತೆಯದು. ಬಗ್ಗಿದಾಗಲೆಲ್ಲ ಟಾರ್ಚು ಜಾರಿ ಬೀಳುತ್ತಿತ್ತು. ಅಪ್ಪ ಪ್ರತಿ ಮೇಲಂಗಿಯನ್ನೂ ಬಿಚ್ಚಿ ಅವಳ ಮೈಗೆ ಹೊಂದಿಸಿ ಮತ್ತೆ ಹೊಲಿದು, ಎಡಗಡೆ ಎದೆಯ ಮೇಲೆ ಒಂದು ಕಿರಿದಾದ ಜೇಬು ಇಡುತ್ತಿದ್ದ. ಅದರ ಬಾಯಿಗೆ ಒಳಮಡಿಕೆಯ ಒಂದು ಹೊಲಿಗೆ. ತಲೆಕೆಳಗಾಗಿ ನೇತಾಡಿದರೂ ಅದರೊಳಗಿದ್ದದ್ದು ಹೊರಗೆ ಬರುತ್ತಿರಲಿಲ್ಲ. "ಇಂಥ ಜೇಬು ಪೈಲಟ್‌ಗೂ ಇಲ್ಲ" ಎಂದು ಅಮ್ಮ ಕೊಟ್ಟಿಗೆಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಬರುತ್ತಿದ್ದಳು.

ಶಾಲೆಯಿಂದ ಬಂದ ಮಗಳು ಮೊದಲು ನೋಡುತ್ತಿದ್ದದ್ದು ಆ ಹಲಗೆ. ಟಾರ್ಚಿನ ಜಾಗ ಖಾಲಿ ಇದ್ದರೆ ಅಮ್ಮ ಕೆಲಸದಲ್ಲಿದ್ದಾಳೆ. ಟಾರ್ಚು ತೂಗುತ್ತಿದ್ದರೆ ಒಳಗೆಲ್ಲೋ ಮಲಗಿದ್ದಾಳೆ, ಸದ್ದು ಮಾಡಬಾರದು.

*

ಟಾರ್ಚು ಕಾಣದಿದ್ದಾಗ ಹೇಗೆ ಹುಡುಕಬೇಕೆಂದು ಹ್ಯಾಂಗರಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ಸ್ವಂತ ಜೇಬು. ಒಬ್ಬೊಬ್ಬರಾಗಿ ಬಂದು ಅಪ್ಪ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಜೇಬು ಖಾಲಿ ಮಾಡಿದರು. ಬೀಗದ ಕೈಗಳು, ಕೆಮ್ಮಿನ ಮಾತ್ರೆ, ಬಸ್ಸಿನ ಚೀಟಿ, ಯಾರದೋ ಒಂದು ಹಲ್ಲುಕಡ್ಡಿ. ಮ್ಯಾನೇಜರನೂ ಬಂದು ಮೂರು ಮೊಬೈಲು ಇಟ್ಟ.

"ಮೂರು ಯಾಕಪ್ಪ ನಿಂಗೆ?" ಎಂದಳು ಚಿಕ್ಕಮ್ಮ, ಇಂಥ ಹೊತ್ತಿನಲ್ಲೂ ತಡೆಯಲಾರದೆ.

"ಒಂದು ಮನೇದು, ಒಂದು ಕಂಪನೀದು..."

"ಇನ್ನೊಂದು?"

"ಅವೆರಡೂ ಎಲ್ಲಿವೆ ಅಂತ ಹುಡುಕೋಕೆ."

ಯಾರೋ ಮೂಗಿನಲ್ಲೇ ನಕ್ಕರು. ಮ್ಯಾನೇಜರ್ ಮಂಡಿಯೂರಿ ಸೋಫಾದ ಕೆಳಗೆ ತಲೆ ಹಾಕಿದ. ಅಲ್ಲಿಂದಲೇ ಅವನ ದನಿ ಬಂತು: "ಅದಕ್ಕೊಂದು ಚಿಪ್ ಅಂಟಿಸಿದ್ದಿದ್ರೆ ಈಗ ಸುಲಭ ಆಗ್ತಿತ್ತು. ಹೊಸ ಕಪಾಟಿನಲ್ಲಿ ಎಲ್ಲ ಉಪಕರಣಕ್ಕೂ ಇದೆ. ಯಾವುದು ವಾಪಸು ಬಂದಿಲ್ಲ ಅಂತ ಅದೇ ಕೂಗಿ ಹೇಳುತ್ತೆ."

"ಒಳ್ಳೇದು ಬಿಡಿ" ಎಂದರು ಮೀಸೆ ಮಾಮ. "ಚಪ್ಪಲಿ ಬಿಚ್ಚಿ ನೋಡ್ರಪ್ಪ ಎಲ್ಲಾ. ಜೇಬಲ್ಲಿಲ್ಲ ಅಂದ್ರೆ ಚಪ್ಪಲಿ."

"ಚಪ್ಪಲೀಲಿ ಟಾರ್ಚಾ?" ಚಿಕ್ಕಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ತಾಯಿ, ನನ್ನ ಕತೆ ಗೊತ್ತಿಲ್ವಾ ನಿಮಗೆ?" ಮೀಸೆ ಮಾಮ ಹೊಸ್ತಿಲ ಮೇಲೆ ಕೂತು ತಮ್ಮ ಬೂಟಿನ ದಾರ ಬಿಚ್ಚತೊಡಗಿದರು. "ನಾನಾಗ ಹೊಸಬ. ಜಡಿಮಳೆ, ಗಂಬೂಟು ಹಾಕ್ಕೊಂಡಿದ್ದೆ. ಸಂಜೆ ವಿಮಾನ ಹೊರಡಬೇಕು, ಜನ ಎಲ್ಲ ಹತ್ತಿ ಕೂತಾಯ್ತು. ಹಲಗೇಲಿ ಒಂದು ಗಿಡ್ಡ ಸ್ಪ್ಯಾನರ್ ಇಲ್ಲ. ಅಕ್ಕ ಸಹಿ ಹಾಕಲ್ಲ ಅಂದ್ರು. ವಿಮಾನದ ಒಳಗೆಲ್ಲಾ ನೋಡಿದ್ವಿ, ಇಲ್ಲ. 'ಇನ್ನೊಂದ್ಸಲ' ಅಂದ್ರು. ನೋಡಿದ್ವಿ. 'ಇನ್ನೊಂದ್ಸಲ.' ಪ್ರಯಾಣಿಕರು ಕಿಟಕೀಲಿ ಮುಷ್ಟಿ ತೋರಿಸ್ತಿದ್ರು. ಆಗಿನ ಮ್ಯಾನೇಜರು ಬಂದು ಕುಣಿದಾಡಿದ್ರು. ಅಕ್ಕ ಜಗ್ಗಲಿಲ್ಲ. ಕೊನೆಗೆ ಎಲ್ಲರನ್ನೂ ಇಳಿಸಿ ಹೋಟೆಲಿಗೆ ಕಳಿಸಿದ್ರು. ನಾನು ಮನೆಗೆ ಹೋಗಿ ಬೂಟು ಬಿಚ್ಚಿದೆ. ಠಣ್ ಅಂತ ಸ್ಪ್ಯಾನರ್ ಬಿತ್ತು."

"ಬೂಟಲ್ಲಿತ್ತಾ?"

"ಅದರ ಮೇಲೇ ಕುಂಟ್ಕೊಂಡು ಓಡಾಡಿದ್ದೀನಿ! ಕಾಲಲ್ಲಿ ಆಣಿ ಆಗಿದೆ ಅಂದ್ಕೊಂಡಿದ್ದೆ."

ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿದಂತಿರಲಿಲ್ಲ.

"ಮಾರನೇ ಬೆಳಗ್ಗೆ ಅಕ್ಕನ ಮುಂದೆ ಹೋಗಿ ನಿಂತೆ. ಕೆಲಸ ಹೋಯ್ತು ಅಂತಾನೇ ಹೊರಟಿದ್ದೆ. ಅಕ್ಕ ಸ್ಪ್ಯಾನರ್ ಇಸ್ಕೊಂಡು ಹಲಗೇಲಿ ತೂಗು ಹಾಕಿ 'ಸಿಕ್ತಲ್ಲ' ಅಂದ್ರು. ಅಷ್ಟೇ. ಮೇಲಿನವರು ಯಾರದು ತಪ್ಪು ಅಂತ ಕೇಳಿದ್ರೆ 'ವಿಮಾನ ನಿಲ್ಸಿದ್ದು ನಾನು, ನನ್ನನ್ನ ಕೇಳಿ' ಅಂದ್ರಂತೆ. ಆಮೇಲೆ ನನಗೆ ಹೇಳಿದ್ರು, ಏನಾದ್ರೂ ಕಾಣೆಯಾದ್ರೆ ಯಾರು ಅಂತ ಕೇಳ್ಬೇಡ, ಎಲ್ಲಿ ಅಂತ ಕೇಳು. ಯಾರು ಅಂತ ಕೇಳಿದ್ರೆ ಕೈಲಿ ಇಟ್ಕೊಂಡಿರೋನೂ ಬಚ್ಚಿಟ್ಟುಕೋತಾನೆ."

"ವಿಮಾನದಲ್ಲಿ ಏನೂ ಇರಲಿಲ್ಲ ಅಂದ್ಮೇಲೆ ಅಷ್ಟು ಜನಾನ ಸುಮ್ಸುಮ್ನೆ ಇಳಿಸಿದ ಹಾಗಾಯ್ತಲ್ಲ" ಎಂದಳು ಚಿಕ್ಕಮ್ಮ.

"ಹೂಂ ಮತ್ತೆ! ಅಕ್ಕ ನಿಲ್ಲಿಸಿದ ವಿಮಾನಗಳಲ್ಲಿ ಮುಕ್ಕಾಲು ಪಾಲು ಹಾಗೇ. ಏನೂ ಇರ್ತಿರಲಿಲ್ಲ." ಮೀಸೆ ಮಾಮ ಬೂಟನ್ನು ತಲೆಕೆಳಗು ಮಾಡಿ ಕೊಡವಿದರು. ಮೀಸೆಯ ತುದಿಯಲ್ಲಿ ಹೆಮ್ಮೆ ಹೊಳೆಯುತ್ತಿತ್ತು. "ಅದಕ್ಕೇ ಅವರಿಗೆ 'ಇನ್ನೊಂದ್ಸಲ' ಅಂತ ಹೆಸರು. ಏನೂ ಇಲ್ಲ ಅಂತ ನೋಡಿ ತಿಳ್ಕೊಳ್ಳೋದು ಬೇರೆ, ಏನೂ ಇರಲ್ಲ ಬಿಡು ಅಂದ್ಕೊಳ್ಳೋದು ಬೇರೆ."

ಅಂಗಳದ ತುಂಬ ಜನ ಒಂದು ಕಾಲಲ್ಲಿ ನಿಂತು ಚಪ್ಪಲಿ ಕೊಡವುತ್ತಿದ್ದರು. ವ್ಯಾನಿನ ಚಾಲಕ ಇಳಿದು ಬಂದು ತನ್ನದನ್ನೂ ಬಿಚ್ಚಿ ನೋಡಿದ. ಟಾರ್ಚು ಎಲ್ಲಿಯೂ ಇರಲಿಲ್ಲ.

*

ಹೊಸ ಕ್ಯಾಮೆರಾಗಳು ಬಂದಾಗ ಅಮ್ಮ ನಿವೃತ್ತಳಾಗಿ ಆಗಲೇ ಒಂದಿಷ್ಟು ಕಾಲವಾಗಿತ್ತು. ಹಳಬರನ್ನು ಕರೆದು ತೋರಿಸೋಣವೆಂದು ಮ್ಯಾನೇಜರನೇ ಕಾರು ಕಳಿಸಿದ್ದ. ಅಮ್ಮ ಟಾರ್ಚು ತೆಗೆದುಕೊಂಡೇ ಹೋದಳು. ಮಗಳಿಗೆ ಒಳಗೊಳಗೇ ಅಳುಕು. ಅಮ್ಮ ಎಲ್ಲರೆದುರು ಏನಾದರೂ ಕೊಂಕು ತೆಗೆದರೆ?

ಹಾಗೇನೂ ಆಗಲಿಲ್ಲ. ಕಮಾನಿನಂಥ ಚೌಕಟ್ಟು ವಿಮಾನದ ಮೂಗಿನಿಂದ ಬಾಲದ ತನಕ ತೆವಳಿತು. ಅದರ ತುಂಬ ಸಣ್ಣ ಸಣ್ಣ ಕಣ್ಣುಗಳು. ಪರದೆಯ ಮೇಲೆ ರೆಕ್ಕೆಯ ಅಡಿಯಲ್ಲಿ ಒಂದು ಕೆಂಪು ಚುಕ್ಕೆ ಮೂಡಿತು. ಅಮ್ಮ ಅಲ್ಲಿಗೆ ಹೋಗಿ ಟಾರ್ಚಿನ ಬೆಳಕು ಬಿಟ್ಟು ನೋಡಿದಳು, ಕಾಣಲಿಲ್ಲ. ಕಣ್ಣು ಮುಚ್ಚಿ ಬೆರಳಲ್ಲಿ ಸವರಿದಳು. ಆಮೇಲೆ ಮುಖ ಅರಳಿಸಿ ಕೂಗಿದಳು: "ಇದೆ ಕಣ್ರೋ! ಕೂದಲೆಳೆಯಷ್ಟು ಬಿರುಕು. ನನಗೆ ಕಾಣ್ಲೇ ಇಲ್ಲ ನೋಡಿ. ಎಂಥಾ ಕಣ್ಣಪ್ಪಾ ಇದಕ್ಕೆ!"

ಚಹಾ ಕುಡಿಯುವಾಗ ಮಾತ್ರ ಒಂದು ಪ್ರಶ್ನೆ ಕೇಳಿದಳು.

"ಇದು ಸರಿ ಅಂದ ವಿಮಾನ ಸರಿಯಿಲ್ಲದೆ ಹೋದ್ರೆ ಯಾರನ್ನ ಕರೀತೀರ?"

"ಹಾಗಾಗೋದು ತುಂಬಾ ಕಡಿಮೆ ಮೇಡಂ. ಮನುಷ್ಯರಿಗಿಂತ ಕಡಿಮೆ."

"ಅದು ಗೊತ್ತಾಯ್ತು. ಕರೆಯೋದು ಯಾರನ್ನ?"

ಮ್ಯಾನೇಜರ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಯೋಚಿಸಿದ. ಅದು ಮುರಿದು ಲೋಟದೊಳಗೆ ಬಿತ್ತು. "ಸಹಿ ಮಾಡೋರೊಬ್ರು ಇರ್ತಾರೆ" ಎಂದ.

ಆ ಸಹಿ ಮಾಡುವವಳು ತಾನೇ ಆಗಬಹುದೆಂದು ಮಗಳಿಗೆ ತಿಳಿದದ್ದು ಹೋದ ವಾರ. ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಟಿವಿಯಲ್ಲಿ ಎಲ್ಲೋ ದೂರದಲ್ಲಿ ಬಿದ್ದ ಒಂದು ವಿಮಾನದ ತನಿಖೆಯ ಸುದ್ದಿ ಬರುತ್ತಿತ್ತು. ತಂತ್ರಾಂಶದ ದೋಷ ಎಂದು ಓದುತ್ತಿದ್ದರು. ಅಮ್ಮ ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ಕೊನೆಗೆ, "ಸತ್ತೋರ ಮನೆಯವರು ಈಗ ಯಾರ ಮನೆ ಬಾಗಿಲು ತಟ್ಟಬೇಕಂತೆ?" ಎಂದಳು. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ.

ಆಗ ಮಗಳು ಗಾಜಿನ ಕೋಣೆಯ ವಿಷಯ ಹೇಳಿದಳು.

"ಒಬ್ಬಳೇ ಎಷ್ಟು ವಿಮಾನಕ್ಕೆ?"

"ಎಲ್ಲದಕ್ಕೂ."

"ನೋಡೋಕೆ ಕೆಳಗೆ ಬರ್ತೀಯಾ?"

"ಅಷ್ಟು ಹೊತ್ತೆಲ್ಲಿರುತ್ತೆ ಅಮ್ಮ? ಅದು ನೋಡಿರುತ್ತಲ್ಲ."

ಅಮ್ಮ ಸಿಪ್ಪೆಗಳನ್ನು ಒಟ್ಟುಮಾಡಿ ಎದ್ದಳು. "ನಿನ್ನ ಕೆಲಸ, ನಿನ್ನ ಹೆಸರು. ನನ್ನನ್ನ ಕೇಳ್ಬೇಡ" ಎಂದಳು. ಕೋಪವಿರಲಿಲ್ಲ ಆ ಮಾತಿನಲ್ಲಿ. ಬಟಾಣಿಯ ತಟ್ಟೆಯನ್ನು ಮಗಳ ಕೈಗಿತ್ತು, "ಒಂದು ಹುಳ ಇತ್ತು, ಇನ್ನೊಂದ್ಸಲ ನೋಡು" ಎಂದು ಸೇರಿಸಿದಳು.

ಆಮೇಲೆ ಆ ಮಾತು ಮುಂದುವರಿಯಲಿಲ್ಲ. ಮೊನ್ನೆ ಊಟ ಮಾಡಿ ಮಲಗಿದವಳು ಏಳಲೇ ಇಲ್ಲ.

*

ಮಗಳು ಮನೆಯ ನಡುವೆ ನಿಂತು ಯೋಚಿಸಿದಳು. ಕೊನೆಯ ಕೆಲಸ ನಡೆದ ಜಾಗದಿಂದ ಶುರುಮಾಡಬೇಕು, ಅದು ಅಮ್ಮನ ಪಾಠ. ಈ ಮನೆಯಲ್ಲಿ ಕೊನೆಯ ಕೆಲಸ ಯಾವುದು?

ಬೆಳಕು ಹರಿಯುವ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಕೇಳಿ ಅವಳಿಗೆ ಎಚ್ಚರವಾಗಿತ್ತು. ಅಪ್ಪ ಅಮ್ಮನಿಗೆ ಹೊದಿಸುವ ಬಿಳಿ ಬಟ್ಟೆಯ ಅಂಚು ಹೊಲಿಯುತ್ತಿದ್ದ. ಅಂಗಡಿಯ ಹೊದಿಕೆ ಬೇಡವೆಂದಿದ್ದ. ಅಂಚು ಹೊಲಿಯಲು ಅಷ್ಟು ಹೊತ್ತೇಕೆ ಎಂದು ಆಗ ಅವಳಿಗೆ ಅನ್ನಿಸಿರಲಿಲ್ಲ. ಹೊಲಿಯಲಿ ಪಾಪ, ಕೈಗೆ ಕೆಲಸವಿದ್ದರೆ ಒಳ್ಳೆಯದು ಎಂದು ಸುಮ್ಮನಾಗಿದ್ದಳು.

ಅಪ್ಪ ಈಗ ಅಮ್ಮನ ತಲೆಯ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಬಂದವರೆಲ್ಲ ಜೇಬು ಖಾಲಿ ಮಾಡಿದ್ದರು, ಅವನು ಎದ್ದಿರಲಿಲ್ಲ. ಅವನ ಒಂದು ಕೈ ಹೊದಿಕೆಯ ಮೇಲೆ, ಅಮ್ಮನ ಎದೆಯ ಎಡಗಡೆಗೆ, ಹೂಗಳ ಸಂದಿಯಲ್ಲಿ ಊರಿಕೊಂಡಿತ್ತು.

ಮಗಳು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಯಾರು ಎಂದು ಕೇಳಲಿಲ್ಲ.

"ಅಪ್ಪಾ, ಎಲ್ಲಿದೆ?"

ಅವನು ಕೈ ತೆಗೆಯದೆ ಹೂಗಳನ್ನೇ ನೋಡಿದ. ಆಮೇಲೆ ಬಹಳ ಮೆಲ್ಲಗೆ, "ಒಳಗೆ ಕತ್ತಲೆ ಇರುತ್ತೆ ಕಣೇ" ಎಂದ.

ಬಿಟ್ಟುಬಿಡಬಹುದು, ಎನ್ನಿಸಿತು ಮಗಳಿಗೆ ಒಂದು ಕ್ಷಣ. ಹಲಗೆಯ ಮೇಲೆ ಒಂದು ಜಾಗ ಖಾಲಿ ಇದ್ದರೆ ಯಾರ ಗಂಟು ಹೋಗುತ್ತದೆ? ಅಪ್ಪನ ಸಮಾಧಾನ ಅಪ್ಪನಿಗಿರಲಿ. ಟಾರ್ಚು ಸಿಗಲಿಲ್ಲ, ಹೊರಡೋಣ ಎಂದರೆ ಎಲ್ಲರೂ ಎದ್ದು ಹೊರಡುತ್ತಾರೆ. ಅವಳು ತನ್ನ ಕೈಯನ್ನು ಅಪ್ಪನ ಬೆರಳುಗಳ ಮೇಲಿಟ್ಟಳು. ಬಟ್ಟೆಯ ಕೆಳಗೆ ಗಟ್ಟಿಯಾಗಿ, ತಣ್ಣಗೆ ಟಾರ್ಚು ತಗುಲಿತು.

"ಅದರಲ್ಲಿ ಬ್ಯಾಟರಿ ಇದೆ ಅಪ್ಪಾ" ಎಂದಳು. "ಅಷ್ಟು ಬೆಂಕೀಲಿ ಸಿಡಿಯುತ್ತೆ. ಅಲ್ಲಿ ಕೆಲಸ ಮಾಡೋ ಮನುಷ್ಯ ಕುಲುಮೆ ಬಾಗಿಲ ಪಕ್ಕಾನೇ ನಿಂತಿರ್ತಾನೆ."

ಅಪ್ಪ ತಲೆ ಎತ್ತಿದ. ಅದು ಅವನಿಗೆ ಹೊಳೆದೇ ಇರಲಿಲ್ಲವೆಂದು ಮುಖವೇ ಹೇಳಿತು.

"ಬ್ಯಾಟರಿ" ಎಂದ. "ಹೌದಲ್ಲ... ಹೋದ ತಿಂಗಳು ನಾನೇ ತಂದು ಹಾಕಿದ್ದೆ." ಆಮೇಲೆ ಅಮ್ಮನ ಕಡೆ ತಿರುಗಿ, ಎದುರಿಗೆ ಕೂತವಳೊಡನೆ ಮಾತಾಡುವಂತೆ, "ನೋಡ್ದೇನೇ, ಕೊನೇ ದಿನಾನೂ ನನ್ನ ಕೈಲಿ ತಪ್ಪು ಮಾಡಿಸ್ತಿದ್ದೆಯಲ್ಲ" ಎಂದ. "ಕತ್ತರಿ ಕೊಡು. ಚಿಕ್ಕದು."

ಮಗಳು ಹೂಗಳನ್ನು ಸರಿಸಿ ಹೊದಿಕೆಯನ್ನು ಮೆಲ್ಲಗೆ ಮಗುಚಿದಳು. ಹೊದಿಕೆಯ ಒಳಬದಿಯಲ್ಲಿ, ಎಡಗಡೆ ಎದೆಯ ಮೇಲೆ, ಕಿರಿದಾದ ಒಂದು ಜೇಬು. ಬಿಳಿಯ ಮೇಲೆ ಬಿಳಿ ನೂಲು, ಬಾಯಿಗೆ ಒಳಮಡಿಕೆಯ ಅದೇ ಹೊಲಿಗೆ. ಹೊತ್ತು ಅಲುಗಾಡಿಸಿದರೂ ಬೀಳದ ಜೇಬು. ಅಪ್ಪ ಕತ್ತರಿಯ ತುದಿಯಿಂದ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದ, ಬಟ್ಟೆ ಹರಿಯದ ಹಾಗೆ. ಟಾರ್ಚನ್ನು ತೆಗೆದು ಮಗಳಿಗೆ ಕೊಟ್ಟ. ಆಮೇಲೆ ತನ್ನ ಅಂಗಿಯ ಜೇಬಿಗೆ ಕೈಹಾಕಿ, ಅಂಚು ಸವೆದ ಸೀಮೆಸುಣ್ಣದ ಬಿಲ್ಲೆಯೊಂದನ್ನು ತೆಗೆದು ಅದರೊಳಗಿಟ್ಟ.

"ಇದು ಸಿಡಿಯಲ್ವಲ್ಲ?"

"ಇಲ್ಲಪ್ಪ" ಎಂದಳು ಮಗಳು.

ಅವನು ಸೂಜಿಗೆ ನೂಲು ಪೋಣಿಸಿ ಜೇಬಿನ ಬಾಯಿ ಮತ್ತೆ ಮುಚ್ಚಿದ. ಯಾರೂ ಅವಸರ ಮಾಡಲಿಲ್ಲ. ಹೊಲಿಗೆ ಮುಗಿದು ಅವನು ನೂಲನ್ನು ಹಲ್ಲಿನಿಂದ ಕಡಿದ ಮೇಲೆ ಮಗಳು ಎದ್ದು ಹೋಗಿ ಟಾರ್ಚನ್ನು ಅದರ ಆಕಾರದ ಮೇಲೆ ತೂಗುಹಾಕಿದಳು. ಮೀಸೆ ಮಾಮ ದೂರದಿಂದಲೇ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲಾ ಇದೆ" ಎಂದರು. "ಎತ್ರಪ್ಪ."

*

ಚಿತಾಗಾರದಲ್ಲಿ ಅವರ ಸರದಿ ತಪ್ಪಿತ್ತು. ಕಲ್ಲು ಬೆಂಚಿನ ಮೇಲೆ ಕಾಯುತ್ತ ಕೂತಾಗ ಪಕ್ಕದಲ್ಲಿ ಬೇರೆ ಯಾರದೋ ಕಡೆಯ ಹೆಂಗಸು "ಯಾಕೆ ತಡ ಆಯ್ತು?" ಎಂದು ಕೇಳಿದಳು. ಚಿಕ್ಕಮ್ಮ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು.

"ನಮ್ಮಕ್ಕ ವಿಮಾನದ ಇಂಜಿನಿಯರ್" ಎಂದಳು. "ಎಲ್ಲಾ ಸರಿ ಇದೆಯಾ ಅಂತ ನೋಡ್ದೆ ಅವಳು ಯಾವತ್ತೂ ಹೊರಟೋಳಲ್ಲ."

ಸರದಿ ಬಂದಾಗ ಕುಲುಮೆಯವನು ಬಂದ. ಒಣಗಿದ ಮನುಷ್ಯ, ಒಂದು ಹುಬ್ಬಿನ ಮೇಲೆ ಹಳೆಯ ಸುಟ್ಟ ಗಾಯ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅವನು ಅದನ್ನು ನೋಡಿದ, ಆದರೂ ಗುಂಡಿ ಒತ್ತಲಿಲ್ಲ.

"ಮೆಷಿನ್ ಸರಿ ಅಂತಿದೆ. ಆದ್ರೂ ನಾನೊಂದು ಮಾತು ಕೇಳ್ತೀನಿ. ಮೈಮೇಲೆ ಬ್ಯಾಟರಿ, ಮೊಬೈಲು, ಎದೆಗೆ ಕೂರಿಸಿದ ಪೇಸ್‌ಮೇಕರು ಅಂಥದ್ದೇನೂ ಇಲ್ಲ ತಾನೆ?" ಅವನ ಕೈ ತಾನಾಗಿ ಹುಬ್ಬಿಗೆ ಹೋಯಿತು. "ಎಲ್ಲರೂ ಒಟ್ಟಿಗೆ ಇಲ್ಲ ಇಲ್ಲ ಅನ್ಬೇಡಿ. ನೋಡಿರೋರು ಯಾರಾದ್ರೂ ಒಬ್ರು ಹೇಳಿ."

ಮಗಳು ಮುಂದೆ ಬಂದಳು.

"ಇಲ್ಲ. ನಾನು ನೋಡಿದ್ದೀನಿ. ನನ್ನ ಕೈಯಾರೆ" ಎಂದಳು. ಕೇಳದಿದ್ದರೂ ತನ್ನ ಹೆಸರು ಹೇಳಿದಳು.

ಕುಲುಮೆಯವನು ಅವಳ ಮುಖವನ್ನೊಮ್ಮೆ ನೋಡಿ, ತಲೆಯಾಡಿಸಿ, ಗುಂಡಿ ಒತ್ತಿದ.

ಹೊರಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಮ್ಯಾನೇಜರ್ ತನ್ನ ಕಾರಿನ ಬಳಿ ಕಾದು ನಿಂತಿದ್ದ. ಅವನ ಪ್ಯಾಂಟಿನ ಮಂಡಿಗಳ ಮೇಲೆ ಸೋಫಾದ ಕೆಳಗಿನ ಧೂಳು ಇನ್ನೂ ಹಾಗೇ ಇತ್ತು. ಅವಳೇ ಶುರುಮಾಡಿದಳು.

"ಸಹಿ ನಾನು ಹಾಕ್ತೀನಿ ಸರ್. ಕ್ಯಾಮೆರಾನೂ ಇರ್ಲಿ, ಅದಿಲ್ಲದೆ ನನಗೂ ಆಗಲ್ಲ. ಆದ್ರೆ ನನ್ನ ಮೇಜು ಕೆಳಗಿರ್ಲಿ, ವಿಮಾನದ ಪಕ್ಕ. ಎಷ್ಟು ವಿಮಾನ ಹೋಗಿ ನೋಡೋಕಾಗುತ್ತೋ ಅಷ್ಟಕ್ಕೇ ನನ್ನ ಹೆಸರು. ಉಳಿದಿದ್ದಕ್ಕೆ ಇನ್ನಷ್ಟು ಜನ ಬೇಕು."

"ಇದಕ್ಕೆ ಮೇಲಿನವರು ಒಪ್ಪಲ್ಲ ಮೇಡಂ. ಜನ ಕಡಿಮೆ ಮಾಡೋಕೇ ಅಲ್ವಾ ಇಷ್ಟೆಲ್ಲಾ ತಂದಿದ್ದು?"

"ಒಪ್ಪದಿದ್ರೆ ಬೇರೆಯವರ ಹೆಸರು ಕಳಿಸಿ. ನನಗೆ ಬೇಜಾರಿಲ್ಲ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ನಿಜವಾಗಿಯೂ ಬೇಜಾರಿರಲಿಲ್ಲ. ಮ್ಯಾನೇಜರ್ ಬಗ್ಗಿ ಮಂಡಿಯ ಧೂಳನ್ನು ನೋಡಿದ. ಕೊಡವಲು ಹೋದವನು ಯಾಕೋ ಬಿಟ್ಟ.

"ಕೇಳ್ತೀನಿ" ಎಂದ. "ಇಲ್ಲ ಅಂದ್ರೆ ಇನ್ನೊಂದ್ಸಲ ಕೇಳ್ತೀನಿ."

*

ರಜೆ ಮುಗಿದ ದಿನ ಬೆಳಗ್ಗೆ ಮ್ಯಾನೇಜರನ ಸಂದೇಶ ಬಂದಿತ್ತು: ಮೇಲಿನವರು ಇನ್ನೂ ಒಪ್ಪಿಲ್ಲ, ಮಾತು ನಡೆಯುತ್ತಿದೆ, ಮೇಜನ್ನು ಮಾತ್ರ ಕೆಳಗೆ ಇಳಿಸಿಬಿಟ್ಟಿದ್ದೇನೆ. ಮಗಳು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಒಳಗೆ ಚಿಕ್ಕಮ್ಮ ಎದ್ದು ಓಡಾಡುವುದು ಕೇಳಿಸುತ್ತಿತ್ತು. ಊರಿಗೆ ಹೊರಡುವ ಮುಂಚೆ ಅವಳು ಲೋಟ ತಟ್ಟೆಗಳನ್ನು ತೊಳೆದು, ಸೌಟನ್ನು ಸೌಟಿನ ಜಾಗದಲ್ಲಿ, ಚಿಮಟವನ್ನು ಚಿಮಟದ ಜಾಗದಲ್ಲಿ ತೂಗುಹಾಕುತ್ತಿದ್ದಳು. ಹೆಜ್ಜೆಗಳು ಮುಂದಿನ ಕೋಣೆಗೆ ಬಂದವು. ತಟ್ಟನೆ ನಿಂತವು.

"ಭಾವಾ! ಅಯ್ಯೋ ಭಾವಾ, ಮತ್ತೆ ಟಾರ್ಚ್ ಕಾಣ್ತಿಲ್ಲ!"

"ಡ್ಯೂಟಿಗೆ ಹೋಗಿದೆ" ಎಂದ ಅಪ್ಪ.

ಮಗಳು ಗೇಟು ದಾಟಿ ತಿರುಗಿ ನೋಡಿದಳು. ತೆರೆದ ಕಿಟಕಿಯೊಳಗೆ ಅಪ್ಪ ಹೊಲಿಗೆ ಯಂತ್ರವನ್ನು ನೆಲದ ಮೇಲೆ ಎಳೆದು, ಬಾಗಿಲ ಪಕ್ಕದ ಹಲಗೆ ಕಣ್ಣಿಗೆ ಬೀಳುವಂತೆ ತಿರುಗಿಸುತ್ತಿದ್ದ. ಆಮೇಲೆ ಕೂತು, ಅವಳ ಇನ್ನೊಂದು ನೀಲಿ ಮೇಲಂಗಿಯನ್ನು ಮಡಿಲಿಗೆಳೆದುಕೊಂಡು, ಎಡಗಡೆ ಎದೆಯ ಮೇಲೆ ಸೀಮೆಸುಣ್ಣದಲ್ಲಿ ಕಿರಿದಾದ ಒಂದು ಗೆರೆ ಎಳೆದ.